ಗ್ವೆಂಟಿನ ಜನ, ಗ್ವೆಂಟಿನ ನುಡಿ: ಒಂದು ಹೆಸರಿನೊಳಗಿನ ರೋಮ್

ವೇಲ್ಸ್‌ನ ಆಗ್ನೇಯ ಭಾಗದ ಗ್ವೆಂಟ್ ಸೀಮೆಯ ಜನರನ್ನು ಹಳೆಯ ವೆಲ್ಶ್ ಭಾಷೆಯಲ್ಲಿ ಗ್ವೆನ್‌ಹುಯ್ಸ್ ಎಂದು ಕರೆಯುತ್ತಿದ್ದರು. ಅವರ ಆಡುನುಡಿಯ ಹೆಸರು ಗ್ವೆನ್‌ಹುಯ್ಸೆಗ್. ಕೊನೆಯ ‘ಎಗ್’ ಭಾಷೆಯನ್ನು ಸೂಚಿಸುವ ಪ್ರತ್ಯಯ. ವೆಲ್ಶ್ ಭಾಷೆಯ ಸ್ವಂತ ಹೆಸರಾದ ಕಮ್ರೈಗ್‌ನಲ್ಲೂ ಇಂಗ್ಲಿಷಿಗೆ ಅವರು ಹೇಳುವ ಸೈಸ್ನೆಗ್‌ನಲ್ಲೂ ಅದೇ ಪ್ರತ್ಯಯ ಇದೆ. ಅದನ್ನು ಕಳಚಿಟ್ಟರೆ ಉಳಿಯುವ ‘ಗ್ವೆನ್‌ಹುಯ್ಸ್’ ನೋಡಲು ಅಪ್ಪಟ ವೆಲ್ಶ್ ಪದ. ಆದರೆ ಬುಡದಿಂದ ತುದಿಯವರೆಗೆ ಅದು ರೋಮನ್ ಬ್ರಿಟನ್ನಿನ ಕೂಸು.

ಈ ಸೀಮೆಯಲ್ಲಿ ಮೊದಲು ಇದ್ದವರು ಸಿಲೂರಿಸ್ ಎಂಬ ಬುಡಕಟ್ಟಿನವರು. ರೋಮನ್ನರನ್ನು ದಶಕಗಳ ಕಾಲ ಕಾಡಿದ ಜನ. ಕ್ರಿ.ಶ. 70ರ ದಶಕದಲ್ಲಿ ರಾಜ್ಯಪಾಲ ಫ್ರಾಂಟಿನಸ್ ಅವರನ್ನು ಮಣಿಸಿದ. ಕಾರ್ಲಿಯನ್‌ನಲ್ಲಿ ಸೇನಾ ಶಿಬಿರ ಎದ್ದಿತು. ಅದರ ಪೂರ್ವಕ್ಕೆ, ಬುಡಕಟ್ಟಿನ ಆಡಳಿತ ಕೇಂದ್ರವಾಗಿ ‘ವೆಂಟಾ ಸಿಲೂರುಮ್’, ಅಂದರೆ ಸಿಲೂರಿಸರ ವೆಂಟಾ, ಬೆಳೆಯಿತು. ಬ್ರಿಟನ್ನಿನಲ್ಲಿ ಬೇರೆ ವೆಂಟಾಗಳೂ ಇದ್ದವು. ಬೆಲ್ಗೇ ಜನರ ವೆಂಟಾ ಇಂದಿನ ವಿಂಚೆಸ್ಟರ್. ಆ ಹೆಸರಿನ ‘ವಿನ್’ ಅದೇ ಪದದ ಅವಶೇಷ. ಸಿಲೂರಿಸರ ವೆಂಟಾ ಈಗ ಕೇರ್‌ವೆಂಟ್ ಎಂಬ ಹಳ್ಳಿ. ಅದರ ಕೋಟೆಗೋಡೆ ಕೆಲವೆಡೆ ಇಂದಿಗೂ ಸುಮಾರು 5 ಮೀಟರ್ ಎತ್ತರಕ್ಕೆ ನಿಂತಿದೆ.

ಆ ಊರಿನ ಚರ್ಚಿನಲ್ಲಿ ಒಂದು ಶಾಸನಶಿಲೆ ಇದೆ. 1903ರಲ್ಲಿ ಸಿಕ್ಕ ಈ ಕಲ್ಲು 3ನೇ ಶತಮಾನದ ಆರಂಭದ್ದು. ಪಾಲಿನಸ್ ಎಂಬ ಸೇನಾಧಿಕಾರಿಯ ಗೌರವಾರ್ಥ ಅದನ್ನು ನಿಲ್ಲಿಸಿದವರು ತಮ್ಮನ್ನು ‘ಸಿಲೂರಿಸರ ಸಮುದಾಯ’ ಎಂದೇ ಬರೆದುಕೊಂಡಿದ್ದಾರೆ. ಸೋತು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೂ ಬುಡಕಟ್ಟಿನ ಹೆಸರು ಜೀವಂತವಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ರೋಮ್ ಹಿಂದೆ ಸರಿದ ನಂತರ ಇಲ್ಲಿ ತಲೆ ಎತ್ತಿದ ರಾಜ್ಯದ ಹೆಸರು ಗ್ವೆಂಟ್. ಬುಡಕಟ್ಟಿನ ಹೆಸರು ಮರೆಯಾಯಿತು, ಪಟ್ಟಣದ ಹೆಸರು ನಾಡಿಗೇ ಆಯಿತು. (ಸಿಲೂರಿಸ್ ಎಂಬ ಹೆಸರು ಪೂರ್ತಿ ಸಾಯಲಿಲ್ಲ. 1835ರಲ್ಲಿ ಭೂವಿಜ್ಞಾನಿ ಮರ್ಚಿಸನ್ ಅದನ್ನು ನಲವತ್ತು ಕೋಟಿ ವರ್ಷಗಳಿಗೂ ಹಿಂದಿನ ಬಂಡೆಗಳಿಗೆ ಇಟ್ಟ. ಸಿಲೂರಿಯನ್ ಯುಗ ಎನ್ನುವುದು ಈ ಜನರ ನೆನಪೇ.)

ವೆಂಟಾ ಗ್ವೆಂಟ್ ಆದದ್ದು ಹೇಗೆ? ಭಾಷಾವಿಜ್ಞಾನ ಇಲ್ಲಿ ಊಹೆಯ ಮೇಲೆ ನಡೆಯುವುದಿಲ್ಲ. ಹಳಗನ್ನಡದ ಪಾಲು, ಪುಲಿ, ಪೂವು ಒಂದೇ ನಿಯಮದಂತೆ ಹಾಲು, ಹುಲಿ, ಹೂವು ಆದವಲ್ಲ, ವೆಲ್ಶ್‌ನಲ್ಲೂ ಅಂಥದೇ ಕಟ್ಟುನಿಟ್ಟು. ಪದದ ಮೊದಲಲ್ಲಿದ್ದ, ತುಟಿ ದುಂಡಾಗಿಸಿ ನುಡಿಯುವ ‘ವ’ ಅಲ್ಲಿ ‘ಗ್ವ’ ಆಗುತ್ತದೆ. ದ್ರಾಕ್ಷಾರಸಕ್ಕೆ ಲ್ಯಾಟಿನ್‌ನಲ್ಲಿದ್ದ ವೀನುಮ್ ಗ್ವೀನ್ ಆದಂತೆ ವೆಂಟಾ ಗ್ವೆಂಟ್ ಆಯಿತು. ಪದದ ಕೊನೆ ಎರಡರಲ್ಲೂ ಉದುರಿತು.

ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ‘ಹುಯ್ಸ್’ ಎಂಬ ಬಾಲ. ಒಂದು ಊರಿನವರು ಎನ್ನಲು ಲ್ಯಾಟಿನ್‌ನಲ್ಲಿ ಊರಿನ ಹೆಸರಿಗೆ ‘ಎನ್ಸೇಸ್’ ಸೇರಿಸುತ್ತಿದ್ದರು. ಆಡುಮಾತಿನಲ್ಲಿ ಸಕಾರದ ಹಿಂದಿನ ನಕಾರ ಬಿದ್ದು ಅದು ‘ಏಸೇಸ್’ ಆಗಿತ್ತು. ಲ್ಯಾಟಿನ್‌ನ ದೀರ್ಘ ‘ಏ’ ವೆಲ್ಶ್‌ನಲ್ಲಿ ‘ಉಯ್’ ಆಗುತ್ತದೆ: ಮೇಣಕ್ಕೆ ಕೇರಾ ಹೋಗಿ ಕುಯ್ರ್, ಬಲೆಗೆ ರೇಟೆ ಹೋಗಿ ರುಯ್ಡ್, ಚರ್ಚಿಗೆ ಎಕ್ಲೇಸಿಯಾ ಹೋಗಿ ಎಗ್ಲುಯ್ಸ್. ಹಾಗಾಗಿ ‘ಏಸ್’ ಎಂಬುದು ‘ಉಯ್ಸ್’. ನಡುವಿನ ‘ಟ’ ಎಲ್ಲಿ ಹೋಯಿತು ಎಂದರೆ, ವೆಲ್ಶ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ‘ಂಟ’ ಸವೆದು ಬರೀ ನಕಾರ, ಕೆಲವೆಡೆ ಹಕಾರದ ಉಸಿರೂ ಉಳಿಯುತ್ತದೆ. ನಮ್ಮ ‘ದಂತ’ದ ದೂರದ ನೆಂಟನಾದ ಡಾಂಟ್, ಅಂದರೆ ಹಲ್ಲು, ಬಹುವಚನದಲ್ಲಿ ಡನ್ನೆದ್ ಆಗುವುದೂ ಹೀಗೆಯೇ. ವೆಂಟಾದವರು ಗ್ವೆನ್‌ಹುಯ್ಸ್ ಆದರು.

ಪಕ್ಕದ ಪೊವಿಸ್ ಎಂಬ ಸೀಮೆಯ ಹೆಸರಿನಲ್ಲೂ ಇದೇ ಬಾಲ ಅಡಗಿದೆ. ಅದು ‘ಪಾಗೆನ್ಸೇಸ್’, ಹಳ್ಳಿಗಾಡಿನವರು. ನಾಡು ಎನ್ನಲು ಫ್ರೆಂಚರು ಬಳಸುವ ‘ಪೇಯಿ’ ಹುಟ್ಟಿದ್ದೂ ಅದೇ ಬೇರಿನಿಂದ.

ಈ ನಿಯಮಗಳೆಲ್ಲ ಒಂದೊಂದಾಗಿ ಈ ಪದದ ಮೇಲೆ ಗುರುತು ಬಿಟ್ಟಿವೆ ಎಂದರೆ, ಇದು ಮುಂದೆಂದೋ ಪಂಡಿತರು ಗ್ರಂಥದಿಂದ ಎತ್ತಿ ತಂದ ಹೆಸರಲ್ಲ. ಲ್ಯಾಟಿನ್ ಬಲ್ಲ ಸಾಮಾನ್ಯ ಜನ ತಮ್ಮನ್ನು ಹೀಗೆ ಕರೆದುಕೊಂಡರು. ಅವರ ಮಕ್ಕಳು, ಮೊಮ್ಮಕ್ಕಳು ಲ್ಯಾಟಿನ್ ಮರೆತರೂ ಹೆಸರನ್ನು ನಾಲಿಗೆಯ ಮೇಲೆ ಉಳಿಸಿಕೊಂಡರು.

ವೆಲ್ಶ್ ನುಡಿಗಳನ್ನು ಸಾಂಪ್ರದಾಯಿಕವಾಗಿ ನಾಲ್ಕಾಗಿ ವಿಂಗಡಿಸುತ್ತಾರೆ. ಉಳಿದ ಮೂರು ಗ್ವಿನೆದ್, ಪೊವಿಸ್, ಡವೆಡ್ ಸೀಮೆಗಳವು. ಗ್ವೆನ್‌ಹುಯ್ಸೆಗ್‌ನ ಹರಹು ಗ್ವೆಂಟನ್ನು ದಾಟಿ ಗ್ಲಾಮೋರ್ಗನ್‌ನ ಕಲ್ಲಿದ್ದಲಿನ ಕಣಿವೆಗಳವರೆಗೂ ಇತ್ತು. ಅದನ್ನು ಕಿವಿ ತಟ್ಟನೆ ಗುರುತಿಸುತ್ತದೆ. ಬೇರೆಡೆ ‘ತೆರೆ’ ಎನ್ನಲು ಅಗೋರ್ ಎಂದರೆ ಇಲ್ಲಿ ಅಕೋರ್. ‘ಓಡು’ವುದಕ್ಕೆ ರೆಡೆಗ್ ಎಂದರೆ ಇಲ್ಲಿ ರೆಟಗ್. ಗ, ಡ, ಬಗಳು ಪದದ ನಡುವೆ ಗಟ್ಟಿಯಾಗಿ ಕ, ಟ, ಪ ಆಗುತ್ತವೆ. ಬೆಂಕಿಗೆ ಟಾನ್ ಎನ್ನುವ ಬದಲು ‘ಬ್ಯಾಂಕ್’ನಲ್ಲಿರುವಂಥ ಸ್ವರ ಎಳೆದು ಟ್ಯಾನ್ ಎನ್ನುತ್ತಾರೆ.

1911ರ ಜನಗಣತಿಯಲ್ಲಿ ವೇಲ್ಸ್‌ನ 9,77,366 ಜನ ವೆಲ್ಶ್ ಬಲ್ಲವರಾಗಿದ್ದರು. ಆದರೆ ಗ್ವೆನ್‌ಹುಯ್ಸೆಗ್ ಆಡುವ ಕಣಿವೆಗಳಿಗೆ ಗಣಿಗಳು ದೂರದೂರದಿಂದ ಕೆಲಸಗಾರರನ್ನು ಕರೆತಂದವು. ಅವರೊಡನೆ ಬೆರೆಯಲು ಇಂಗ್ಲಿಷ್ ಸಾಕಾಯಿತು. ಶಾಲೆಯೂ ಇಂಗ್ಲಿಷಿನದೇ ಆಗಿತ್ತು. ಮನೆಯಲ್ಲಿ ಹಿರಿಯರು ಅಕೋರ್ ಎನ್ನುತ್ತಿದ್ದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವಂತಾಯಿತು. 1962ರಲ್ಲಿ ಪಾಂಟಿಪ್ರಿದ್ ಬಳಿಯ ರುಡ್‌ವೆಲೆನ್‌ನಲ್ಲಿ ವೆಲ್ಶ್ ಮಾಧ್ಯಮದ ಪ್ರೌಢಶಾಲೆ ತೆರೆದ ಮೇಲೆ ಭಾಷೆ ಮರಳಿತು, ಆದರೆ ಮರಳಿದ್ದು ಬಹುಮಟ್ಟಿಗೆ ಪುಸ್ತಕದ ವೆಲ್ಶ್. ಹಳೆಯ ನುಡಿಯನ್ನಾಡಿದ ಗಣಿಗಾರರ, ರೈತಾಪಿ ಮನೆಗಳ ಹಿರಿಯರ ದನಿಗಳು ಕಾರ್ಡಿಫ್ ಹೊರವಲಯದ ಸೇಂಟ್ ಫ್ಯಾಗನ್ಸ್ ವಸ್ತುಸಂಗ್ರಹಾಲಯದ ಧ್ವನಿಮುದ್ರಿಕೆಗಳಲ್ಲಿವೆ. ವೆಲ್ಶ್ ಮಾಧ್ಯಮದ ಶಾಲೆಗಳ ಮೇಷ್ಟ್ರುಗಳು ಅವನ್ನು ತರಗತಿಯಲ್ಲಿ ಕೇಳಿಸಬೇಕು; ತಮ್ಮೂರಿನಲ್ಲಿ ರೆಡೆಗ್ ಒಂದು ಕಾಲಕ್ಕೆ ರೆಟಗ್ ಆಗಿತ್ತೆಂಬುದು ಆ ಮಕ್ಕಳಿಗೆ ಗೊತ್ತಾಗಬೇಕು.