ಮುಚ್ಚಳದ ತೂತು: ಬೆಳ್ಳಿಯ ಚಾಕೊಲೇಟ್ ಹೂಜಿಯ ಗುರುತು ಗೋಜಲಾದದ್ದು ಹೇಗೆ

ಇಂಗ್ಲೆಂಡಿನ ಹಳೆಯ ಸಿರಿವಂತ ಮನೆತನಗಳ ಬೆಳ್ಳಿ ಹರಾಜಿಗೆ ಬಂದಾಗ ಒಂದು ತಕರಾರು ಏಳುತ್ತದೆ: ಈ ಹೂಜಿ ಕಾಫಿಯದೋ, ಚಾಕೊಲೇಟಿನದೋ? ಚಾಕೊಲೇಟಿನದು ಅಪರೂಪ, ಬೆಲೆಯೂ ಹೆಚ್ಚು. ಗೋಜಲಿನ ಬೇರು ಅಲ್ಲೇ ಇದೆ.

ಲಂಡನ್ನಿನ ಜನ ಚಾಕೊಲೇಟ್ ಕುಡಿಯಲು ಕಲಿತದ್ದು 1650ರ ದಶಕದಲ್ಲಿ. 1680ರ ದಶಕದ ಹೊತ್ತಿಗೆ ಅದಕ್ಕೆಂದೇ ಬೆಳ್ಳಿ ಹೂಜಿಗಳು ಬಂದವು. ಆಗಿನ ಚಾಕೊಲೇಟ್ ಎಂದರೆ ಅರೆದ ಕೋಕೋ ಉಂಡೆ. ಅದರಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಬಿಸಿನೀರಿಗೆ ಹಾಕಿದರೆ ಜಿಡ್ಡು ತೇಲುತ್ತದೆ, ಗಸಿ ತಳಕ್ಕಿಳಿಯುತ್ತದೆ. ಹಾಗಾಗಿ ಬಗ್ಗಿಸುವ ಮುನ್ನ ಕಡೆಯಲೇಬೇಕು. ಮುಚ್ಚಳ ತೆಗೆದರೆ ಆರಿಹೋಗುತ್ತದೆಂದು ಮುಚ್ಚಳದ ಗುಬುಟನ್ನೇ ಕಳಚುವಂತೆ ಅಥವಾ ಕೀಲಿನ ಮೇಲೆ ತೆರೆಯುವಂತೆ ಮಾಡಿದರು. ಆ ತೂತಿನಲ್ಲಿ ಮರದ ಕಡೆಗೋಲು ಇಳಿಸಿ, ಅಂಗೈಗಳ ನಡುವೆ ಹೊಸೆದು ನೊರೆ ಎಬ್ಬಿಸುತ್ತಿದ್ದರು.

ಹಿಡಿ ಕೊಕ್ಕಿಗೆ ಅಡ್ಡವಾಗಿದ್ದರೆ ಚಾಕೊಲೇಟಿನದೇ ಎಂಬ ಮಾತನ್ನು ನಂಬಬಾರದು. ಆ ಕಾಲದ ಎಷ್ಟೋ ಕಾಫಿ ಹೂಜಿಗಳಿಗೂ ಹಿಡಿ ಹಾಗೆಯೇ ಇದೆ. ನೋಡಬೇಕಾದದ್ದು ತೂತನ್ನು.

1697ರಿಂದ 1720ರವರೆಗಿನ ಹೂಜಿಗಳನ್ನು ಓದುವುದು ಸುಲಭ. ನಾಣ್ಯ ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು ಸರ್ಕಾರ ಪಾತ್ರೆಯ ಬೆಳ್ಳಿಯ ಶುದ್ಧತೆಯನ್ನು ಶೇ. 92.5ರಿಂದ 95.8ಕ್ಕೆ ಏರಿಸಿತ್ತು. ಬ್ರಿಟಾನಿಯಾ ದೇವಿ, ಸಿಂಹದ ತಲೆ, ವರ್ಷದ ಅಕ್ಷರ, ಅಕ್ಕಸಾಲಿಗನ ಅಡ್ಡಹೆಸರಿನ ಮೊದಲೆರಡು ಅಕ್ಷರ: ಈ ನಾಲ್ಕು ಮುದ್ರೆ ಇರಬೇಕು. 1720ರಲ್ಲಿ ಹಳೆಯ ಮಟ್ಟ ಮರಳಿತು, ಜೊತೆಗೆ ಔನ್ಸಿಗೆ 6 ಪೆನ್ಸ್ ಸುಂಕವೂ ಬಂತು. ಸುಂಕ ಉಳಿಸಲು ಸಣ್ಣ ಸಾಮಾನಿನ ಮುದ್ರೆ ಕತ್ತರಿಸಿ ದೊಡ್ಡ ಪಾತ್ರೆಗೆ ಬೆಸೆಯುವ ಚಾಳಿ ಆಗ ಶುರುವಾಯಿತು. ಮುದ್ರೆಯ ಮೇಲೆ ಬಾಯುಸಿರು ಬಿಟ್ಟು ನೋಡಿ: ಮಂಜು ಕವಿದಾಗ ಸುತ್ತಲಿನ ಬೆಸುಗೆಯ ಗೆರೆ ಬೇರೆಯಾಗಿ ಕಾಣುತ್ತದೆ.

ಡಚ್ ಚಾಕೊಲೇಟ್ ತಯಾರಕ ವಾನ್ ಹೌಟೆನ್‌ನ 1828ರ ಪೇಟೆಂಟಿನ ನಂತರ ಕೊಬ್ಬು ಹಿಂಡಿದ ಕೋಕೋ ಪುಡಿ ಸಿಕ್ಕಿತು, ಕಡೆಗೋಲು ಮೂಲೆ ಸೇರಿತು. ಕೆಲವು ಮನೆಗಳಲ್ಲಿ ಗುಬುಟನ್ನು ಬೆಸೆದು ಕಾಫಿಗೆ ಬಳಸಿದರು. 1882ರ ಕಾಯ್ದೆ ಕೋರ್ಟಿನ ಒಪ್ಪಿಗೆಯೊಡನೆ ವಂಶದ ಸೊತ್ತು ಮಾರಲು ದಾರಿ ಮಾಡಿತು, 1894ರ ಮರಣ ತೆರಿಗೆ ಮಾರುವ ಒತ್ತಡ ಹೆಚ್ಚಿಸಿತು. ಮಾರುಕಟ್ಟೆಗೆ ಬಂದ ಮೇಲೆ ಕೆಲವು ಕಾಫಿ ಹೂಜಿಗಳ ಮುಚ್ಚಳಕ್ಕೆ ಹೊಸ ತೂತು ಬಿತ್ತು. ಹಳೆಯ ವಂಶಲಾಂಛನ ಉಜ್ಜಿ ಅಳಿಸಿದ್ದೂ ಉಂಟು. ಅಳಿಸಿದ ಜಾಗ ಹೆಬ್ಬೆರಳಿಗೆ ತೆಳುವಾಗಿ ಬಾಗುತ್ತದೆ. ಇದು ತುಂಬಲಾಗದ ನಷ್ಟ: ಹೂಜಿ ಯಾರ ಮನೆಯದೆಂದು ಹೇಳುತ್ತಿದ್ದುದೇ ಆ ಲಾಂಛನ.

ಕೊನೆಗೆ ಹೂಜಿಯನ್ನು ಬೋರಲು ಹಾಕಿ. ತಳದಲ್ಲಿ ಗೀಚಿದ 26=10 ಎಂದರೆ 26 ಟ್ರಾಯ್ ಔನ್ಸ್ (ಬೆಳ್ಳಿ-ಬಂಗಾರ ತೂಗುವ ಔನ್ಸ್), 10 ಪೆನ್ನಿವೇಟ್ (ಔನ್ಸಿನ ಇಪ್ಪತ್ತನೇ ಒಂದು ಪಾಲು); ಸುಮಾರು 824 ಗ್ರಾಂ. ತುಸು ಹಗುರವಾಗಿದ್ದರೆ ಉಜ್ಜಿ ಸವೆದಿದೆ. ಭಾರವಾಗಿದ್ದರೆ ಹಿಡಿ ಬದಲಾಗಿರಬಹುದು, ಇಲ್ಲವೇ ಬೆಳ್ಳಿ ಸೇರಿದೆ. ಮನೆತನದ ಹಳೆಯ ಪಾತ್ರೆಪಟ್ಟಿ ಸಿಕ್ಕರೆ ಆ ತೂಕವನ್ನು ಅಲ್ಲಿ ಹುಡುಕಿ. ಎದುರಿಗೆ ಚಾಕೊಲೇಟ್ ಎಂದೇ ಬರೆದಿರಬೇಕು.