ಒಗೆದಿಟ್ಟ ಬಟ್ಟೆ ಡೈಪರ್ ಒದ್ದೆಯಾದ ತಕ್ಷಣ ನಾತ ಹೊಡೆಯುತ್ತದೆ, ಯಾಕೆ?

ಪ್ರಶ್ನೆ: ನಮ್ಮ ಪಾಪುಗೆ ಎಂಟು ತಿಂಗಳು. ಬಟ್ಟೆ ಡೈಪರ್ ಹಾಕ್ತೀವಿ. ಮಗುವಿನ ಚರ್ಮಕ್ಕೆ ತೊಂದರೆ ಆಗಬಾರದು ಅಂತ ಸ್ವಲ್ಪವೇ ಲಿಕ್ವಿಡ್ ಹಾಕಿ ಮೆಷಿನ್‌ನಲ್ಲಿ ಒಗೆದು ಬಿಸಿಲಿಗೆ ಹಾಕ್ತೀನಿ. ಒಣಗಿದಾಗ ಏನೂ ವಾಸನೆ ಇರಲ್ಲ. ಪಾಪು ಒಂದು ಸಲ ಉಚ್ಚೆ ಮಾಡಿದರೆ ಸಾಕು, ಮೂಗು ಮುಚ್ಚಿಕೊಳ್ಳಬೇಕು. ಎಲ್ಲವನ್ನೂ ಬಿಸಾಡಿ ಹೊಸದು ತಗೊಳ್ಳಬೇಕಾ?

ಉತ್ತರ: ಬಿಸಾಡಬೇಡಿ. ನಿಮ್ಮ ಡೈಪರ್ ಕೆಟ್ಟಿಲ್ಲ, ಸರಿಯಾಗಿ ಸ್ವಚ್ಛ ಆಗುತ್ತಿಲ್ಲ ಅಷ್ಟೆ. ಇದಕ್ಕೆ ಎರಡು ಕಾರಣ ಇರುತ್ತವೆ: ಸೋಪು ಸಾಲದೇ ಇರುವುದು ಮತ್ತು ನೀರು ಗಡಸಾಗಿರುವುದು.

ಉಚ್ಚೆಯಲ್ಲಿ ಯೂರಿಯಾ ಇರುತ್ತದೆ. ಬಟ್ಟೆಯಲ್ಲಿ ಉಳಿದುಕೊಂಡ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಕಣ್ಣು ಉರಿಸುವ ಆ ಘಾಟು ಅದರದ್ದೇ. ರಾತ್ರಿಯಿಡೀ ಹಾಕಿದ್ದ ಡೈಪರ್ ಬೆಳಗ್ಗೆ ಸ್ವಲ್ಪ ಘಾಟು ಹೊಡೆಯುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಹಾಕಿದ ಸ್ವಲ್ಪ ಹೊತ್ತಿಗೇ ನಾತ ಬಂದರೆ, ಹಿಂದಿನ ಉಚ್ಚೆಯ ಕೊಳೆ ಒಳಗೇ ಕೂತಿದೆ ಎಂದು ಅರ್ಥ.

ಮೊದಲು ನೀರು ನೋಡಿ. ಬೆಂಗಳೂರಲ್ಲಿ ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನಂಬಿದ ಮನೆಗೂ ತುಂಬಾ ವ್ಯತ್ಯಾಸ. ಕೋಲಾರ, ತುಮಕೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲೂ ಗಡಸು ನೀರೇ. ನಲ್ಲಿಯ ಸುತ್ತ ಬಿಳಿ ಕರೆ ಕಟ್ಟುತ್ತದಾ? ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ವಾ? ಹಾಗಿದ್ದರೆ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ನಿಮ್ಮ ಸೋಪನ್ನು ಮೊದಲೇ ಹಿಡಿದುಕೊಳ್ಳುತ್ತವೆ. ಕೊಳೆ ತೆಗೆಯಲು ಉಳಿಯುವುದು ಸ್ವಲ್ಪವೇ. ಮಿಕ್ಕಿದ್ದು ಅಂಟು ಅಂಟಾಗಿ ನೂಲಿಗೆ ಮೆತ್ತಿಕೊಂಡು, ಡೈಪರ್ ಒಳಗಿನ ಇನ್ಸರ್ಟ್ (ಉಚ್ಚೆ ಹೀರುವ ಪ್ಯಾಡ್) ಹಪ್ಪಳದಂತೆ ಸೆಟೆದುಕೊಳ್ಳುತ್ತದೆ.

ಅನುಮಾನ ಇದ್ದರೆ ಹೀಗೆ ಮಾಡಿ ನೋಡಿ. ಒಗೆದು ಒಣಗಿಸಿದ ಒಂದು ಇನ್ಸರ್ಟನ್ನು ಬಿಳಿ ಟಬ್‌ನಲ್ಲಿ ಬಿಸಿನೀರಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿದರೆ ಒಳಗೆ ಕೊಳೆ ಇದೆ.

ಸೋಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಮಗುವಿನ ಬಟ್ಟೆಗೆ ಸೋಪು ಕಡಿಮೆ ಹಾಕಿ ಎನ್ನುವ ಸಲಹೆ ಡೈಪರ್‌ಗೆ ಸಲ್ಲದು. ಚರ್ಮ ಕೆಂಪಾಗಲು ಅರ್ಧಂಬರ್ಧ ಒಗೆದ ಬಟ್ಟೆಯೂ ಕಾರಣವಾಗುತ್ತದೆ. ಮಾಮೂಲಿ ಮೆಷಿನ್ ಪುಡಿಯನ್ನೇ, ಜಾಸ್ತಿ ಕೊಳೆ ಬಟ್ಟೆಗೆ ಎಷ್ಟು ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೋ ಅಷ್ಟು ಹಾಕಿ. ಆಮೇಲೆ ನೀರಲ್ಲಿ ಚೆನ್ನಾಗಿ ಜಾಲಿಸಿ. ಅಂಟುವಾಳ ಕಾಯಿ ರೇಷ್ಮೆ ಸೀರೆಗೆ ಒಳ್ಳೆಯದು, ಉಚ್ಚೆ ಬಟ್ಟೆಗೆ ಅದರ ಶಕ್ತಿ ಸಾಲದು. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಅಂತೂ ಬೇಡವೇ ಬೇಡ. ಅದು ನೂಲಿನ ಮೇಲೆ ಪದರ ಕಟ್ಟಿ, ಬಟ್ಟೆ ನೀರು ಹೀರದಂತೆ ಮಾಡುತ್ತದೆ. ಡೆಟಾಲ್‌ನಲ್ಲಿ ಅದ್ದಿದರೂ ಕೊಳೆ ಹೋಗುವುದಿಲ್ಲ.

ಗಡಸು ನೀರಿಗೆ ಪುಡಿಯ ಜೊತೆ ಒಂದೆರಡು ಚಮಚ ವಾಷಿಂಗ್ ಸೋಡಾ ಸೇರಿಸಿ. ಅಡುಗೆ ಸೋಡಾ ಬೇರೆ, ಇದು ಬೇರೆ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದುದು ಇದೇ ಸೋಡಾ.

ಈಗ ಕೂತಿರುವ ಕೊಳೆ ತೆಗೆಯಲು, ಇನ್ಸರ್ಟ್‌ಗಳನ್ನು ಮಾತ್ರ ಬಿಸಿನೀರು, ಪುಡಿ, ಸೋಡಾ ಹಾಕಿದ ಬಕೆಟ್‌ನಲ್ಲಿ ಕೆಲವು ಗಂಟೆ ನೆನೆಸಿ. ಆಮೇಲೆ ಮೆಷಿನ್‌ನಲ್ಲಿ 60 ಡಿಗ್ರಿಯಲ್ಲಿ ಒಗೆದು, ಎರಡು ಸಲ ಜಾಲಿಸಿ. ಹೊರಗಿನ ಕವರ್ ಇದಕ್ಕೆ ಹಾಕಬೇಡಿ. ಅದರ ಒಳಗಿರುವ, ನೀರು ಸೋರದಂತೆ ತಡೆಯುವ ಪಿಯುಎಲ್ ಎಂಬ ಪ್ಲಾಸ್ಟಿಕ್ ಪದರ ಹೆಚ್ಚು ಬಿಸಿಗೆ ಬಿರುಕು ಬಿಟ್ಟು ಸೋರತೊಡಗುತ್ತದೆ. ಕವರ್‌ಗೆ ಉಗುರು ಬೆಚ್ಚಗಿನ ನೀರು, ನೆರಳು ಸಾಕು. ಇಷ್ಟಕ್ಕೂ ವಾಸನೆ ಹೋಗದಿದ್ದರೆ ಬಿಳಿ ಹತ್ತಿ ಇನ್ಸರ್ಟ್‌ಗೆ ಬಾಟಲಿಯ ಮೇಲಿನ ಅಳತೆಯಂತೆ ಬ್ಲೀಚ್ ಬಳಸಬಹುದು. ಆದರೆ ಉಚ್ಚೆ ಇರುವ ಬಟ್ಟೆಗೆ ಎಂದಿಗೂ ಹಾಕಬೇಡಿ, ಅಮೋನಿಯಾ ಸೇರಿದರೆ ವಿಷದ ಗಾಳಿ ಏಳುತ್ತದೆ. ವಿನೆಗರ್ ಜೊತೆಗೂ ಬೆರೆಸಬಾರದು. ಪೂರ್ತಿ ಒಗೆದ ಮೇಲೆ ಮಾತ್ರ ಬ್ಲೀಚ್.

ದಿನನಿತ್ಯದ ಕ್ರಮ ಹೀಗಿರಲಿ. ಬಿಚ್ಚಿದ ಡೈಪರನ್ನು ನಲ್ಲಿ ಕೆಳಗೆ ಹಿಂಡಿ, ಗಾಳಿಯಾಡುವ ಬುಟ್ಟಿಗೆ ಹಾಕಿ. ನೀರಲ್ಲಿ ದಿನಗಟ್ಟಲೆ ನೆನೆಸಿಟ್ಟರೆ ಬ್ಯಾಕ್ಟೀರಿಯಾ ಬೆಳೆಸಿದಂತೆ. ಎಂಟು ತಿಂಗಳಿಗೆ ಪಾಪು ರಾಗಿ ಸರಿ, ಅನ್ನ ತಿನ್ನುತ್ತಿರುತ್ತದೆ ಅಲ್ವಾ, ಕಕ್ಕ ಗಟ್ಟಿಯಾಗಿರುತ್ತದೆ. ಅದನ್ನು ಮೊದಲು ಟಾಯ್ಲೆಟ್‌ಗೆ ಕೊಡವಿ, ಉಳಿದಿದ್ದನ್ನು ಜೆಟ್ ಸ್ಪ್ರೇಯಿಂದ ತೊಳೆಯಿರಿ. ಎರಡು ದಿನಕ್ಕೊಮ್ಮೆಯಾದರೂ ಒಗೆಯಿರಿ. ಮೆಷಿನ್‌ನಲ್ಲಿ ಮೊದಲು ಸ್ವಲ್ಪ ಪುಡಿ ಹಾಕಿ ಚಿಕ್ಕ ವಾಶ್, ಆ ಗಲೀಜು ನೀರು ಹೊರಗೆ ಹೋದ ಮೇಲೆ ಪೂರ್ತಿ ಪುಡಿ ಹಾಕಿ ಉದ್ದ ವಾಶ್. ಡ್ರಮ್ ಮುಕ್ಕಾಲು ಭಾಗ ತುಂಬಿರಲಿ. ನಾಲ್ಕೇ ಡೈಪರ್ ಇದ್ದರೆ ಒಂದಕ್ಕೊಂದು ಉಜ್ಜಿಕೊಳ್ಳುವುದಿಲ್ಲ, ಜೊತೆಗೆ ಪಾಪುವಿನ ಟವೆಲ್ ಹಾಕಿ.

ಎಣ್ಣೆ ನೀರು ಹಾಕುವ ಮನೆಯವರಿಗೆ ಇನ್ನೊಂದು ಮಾತು. ಮೈಗೆ ಹಚ್ಚಿದ ಕೊಬ್ಬರಿ ಎಣ್ಣೆ, ಜಿಂಕ್ ಕ್ರೀಮ್ ಬಟ್ಟೆಗೆ ಹತ್ತಿದರೆ ನೀರು ಹೀರದೆ ಬದಿಯಿಂದ ಸೋರುತ್ತದೆ. ಇನ್ಸರ್ಟ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಇಂಗದೆ ಗುಂಡಗೆ ನಿಂತರೆ ಎಣ್ಣೆ ಇದೆ. ಬಿಸಿನೀರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಕೈಯಲ್ಲೇ ಉಜ್ಜಿದರೆ ಬಿಡುತ್ತದೆ. ಮುಂದೆ ಕ್ರೀಮ್ ಹಚ್ಚಿದ ದಿನ ನಡುವೆ ತೆಳ್ಳನೆಯ ಬಟ್ಟೆ ಇಡಿ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ದಪ್ಪ ಇನ್ಸರ್ಟ್ ಒಣಗಿಸುವುದೇ ದೊಡ್ಡ ಕೆಲಸ. ಆ ನಾಲ್ಕು ತಿಂಗಳು ಹಳೇ ಪಂಚೆಯ ಚೌಕಗಳನ್ನು ಮಡಿಸಿ ಕವರ್ ಒಳಗಿಡಿ. ಬಿಡಿಸಿ ಹರವಿದರೆ ಫ್ಯಾನ್ ಗಾಳಿಗೇ ಒಣಗುತ್ತವೆ, ಬೇಕಾದರೆ ಇಸ್ತ್ರಿಯನ್ನೂ ಹಾಕಬಹುದು.

ಇದನ್ನೆಲ್ಲ ಮಾಡಿದ ಮೇಲೂ ಪಾಪುವಿನ ತೊಡೆಸಂದಿನಲ್ಲಿ ಕೆಂಪು ಗುಳ್ಳೆ ಹರಡುತ್ತಿದ್ದರೆ ಅದು ಫಂಗಸ್ ಇರಬಹುದು. ಮನೆಮದ್ದು ಮಾಡುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.