ತಲೆಗೆ ಸಣ್ಣ ಪೆಟ್ಟು, ದೊಡ್ಡ ಭಯ: ಲೂಸಿಡ್ ಇಂಟರ್ವಲ್ ನನಗೆ ಅರ್ಥವಾದ ಬಗೆ

ನರ್ಸಿಂಗ್ ಪರೀಕ್ಷೆಗೆ ತಲೆಗಾಯದ ಪಾಠ ಓದುತ್ತಿದ್ದ ವಾರದಲ್ಲೇ ಕಪಾಟಿನ ಬಾಗಿಲಿನ ಮೂಲೆ ನನ್ನ ತಲೆಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ವಾಂತಿ ಆಗಲಿಲ್ಲ, ಒಂದು ಬೋರೆ ಎದ್ದಿತು ಅಷ್ಟೇ. ಆದರೂ ಬುರುಡೆಯ ಒಳಗೆ ರಕ್ತ ಸೇರುತ್ತಿರಬಹುದಾ ಎಂಬ ಭಯದಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಓದಿದಷ್ಟೂ ಭಯ ಜಾಸ್ತಿಯಾಯಿತು. ನನ್ನ ಹಾಗೆ ಕಂಗಾಲಾದವರಿಗೂ ಉಪಯೋಗವಾಗಲಿ ಎಂದು ಬರೆದಿಡುತ್ತಿದ್ದೇನೆ.

ಬೋರೆಯ ವಿಷಯ ಸುಲಭ. ಅದು ತಲೆಬುರುಡೆಯ ಹೊರಗಿನ ಚರ್ಮದೊಳಗೆ ಸೇರಿದ ರಕ್ತ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ತುಂಬಾ ಇವೆ, ಅದಕ್ಕೇ ಬೇಗ ಊದುತ್ತದೆ. ಮಿದುಳು ಬುರುಡೆಯ ಒಳಗೆ, ದ್ರವದಲ್ಲಿ ತೇಲುತ್ತಾ ಕೂತಿರುತ್ತದೆ.

  

ನಾನು ಮುಗ್ಗರಿಸಿದ್ದು ಲೂಸಿಡ್ ಇಂಟರ್ವಲ್ ಎಂಬಲ್ಲಿ. ಕಪಾಲದ ಪಕ್ಕದ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು ಮಿಡಲ್ ಮೆನಿಂಜಿಯಲ್ ಎಂಬ ಅಪಧಮನಿ ಹೋಗುತ್ತದೆ. ಮೂಳೆ ಬಿರಿದರೆ ಅದೂ ಹರಿಯಬಹುದು. ಆಗ ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೇರುತ್ತದೆ. ಪೆಟ್ಟು ತಿಂದವರು ಎಚ್ಚರ ತಪ್ಪಿ, ಮತ್ತೆ ಎದ್ದು ಚೆನ್ನಾಗಿ ಮಾತಾಡಿ, ಕೆಲವು ಗಂಟೆಗಳ ಮೇಲೆ ಮಂಪರಿಗೆ ಜಾರಬಹುದು. ನಡುವಿನ ಆ ಚೆನ್ನಾಗಿರುವ ಹೊತ್ತೇ ಲೂಸಿಡ್ ಇಂಟರ್ವಲ್.

ಇಷ್ಟು ಓದಿದ್ದೇ ತಡ, ನನ್ನ ತಲೆಯಲ್ಲಿ ಹುಳ ಹೊಕ್ಕಿತು: ನಾನೂ ಈಗ ಚೆನ್ನಾಗಿದ್ದೇನೆ, ಹಾಗಾದರೆ ಇದೇ ಆ ಹೊತ್ತಾ? ಈ ಲೆಕ್ಕದಲ್ಲಿ ಚೆನ್ನಾಗಿರುವುದೇ ಅಪಾಯದ ಗುರುತು! ಯಾವ ಉತ್ತರವೂ ಸಮಾಧಾನ ಕೊಡುವುದಿಲ್ಲ. ಬಹಳ ಹೊತ್ತು ಅಲ್ಲೇ ಸುತ್ತಿದೆ.

ಬಿಡಿಸಿಕೊಂಡಿದ್ದು ಕಥೆಯನ್ನು ಮೊದಲಿನಿಂದ ಓದಿದಾಗ. ನಾನು ನಡುವಿನ ತುಂಡನ್ನಷ್ಟೇ ಹಿಡಿದುಕೊಂಡಿದ್ದೆ. ಮೊದಲ ತುಂಡು ಪೆಟ್ಟು. ದೊಡ್ಡವರಲ್ಲಿ ಈ ರಕ್ತಸ್ರಾವದ ಜೊತೆ ಸಾಮಾನ್ಯವಾಗಿ ಮೂಳೆ ಬಿರುಕೂ ಇರುತ್ತದೆ: ವಾಹನ ಅಪಘಾತ, ಎತ್ತರದಿಂದ ಬೀಳುವುದು, ಜೋರಾಗಿ ಬಂದ ಚೆಂಡು. ಕಪಾಟಿನ ಬಾಗಿಲಿಗೆ ನಿಂತಲ್ಲೇ ತಗುಲಿದ್ದು ಆ ಸಾಲಿಗೆ ಸೇರುವುದು ಕಷ್ಟ. ಇನ್ನೊಂದು ತುಂಡು ಗಡಿಯಾರ. ಅಪಧಮನಿಯಲ್ಲಿ ರಕ್ತ ಒತ್ತಡದಿಂದ ಹರಿಯುತ್ತದೆ, ಹಾಗಾಗಿ ಸಾಮಾನ್ಯವಾಗಿ ಗಂಟೆಗಳಲ್ಲೇ ಗೊತ್ತಾಗುತ್ತದೆ. ನಾನು ಮೂರನೇ ದಿನ ಹೆದರುತ್ತಾ ಕೂತಿದ್ದೆ.

ಇದರಿಂದ ನನಗೆ ಸಿಕ್ಕ ಸುಲಭದ ದಾರಿ: ಲಕ್ಷಣ ಇದೆಯಾ ಎಂದಷ್ಟೇ ಕೇಳಬೇಡಿ, ಯಾವ ಕಡೆ ಹೋಗುತ್ತಿದೆ ಎಂದು ಕೇಳಿ. ತಲೆನೋವು, ತಲೆಸುತ್ತು, ಗಮನ ನಿಲ್ಲದಿರುವುದು ಕನ್ಕಷನ್‌ನಲ್ಲೂ (ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದು) ಬರುತ್ತವೆ, ನಿದ್ದೆಗೆಟ್ಟು ಚಿಂತಿಸಿದರೂ ಬರುತ್ತವೆ. ಕನ್ಕಷನ್ ಆಗಿದ್ದರೂ ದಿನ ಕಳೆದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಒಳಗೆ ರಕ್ತ ಸೇರುತ್ತಿದ್ದರೆ ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ, ನೀವು ಮರೆತು ಬೇರೆ ಕೆಲಸ ಮಾಡಿದರೂ ಬಿಡುವುದಿಲ್ಲ. ನನ್ನ ನೋವು ಫೋನಿನಲ್ಲಿ ಮಾತಾಡುವಾಗ ಮಾಯವಾಗಿ, ಮಲಗಿದಾಗ ವಾಪಸ್ ಬರುತ್ತಿತ್ತು.

ಆದರೆ ಈ ಸುಲಭದ ದಾರಿ ಎಲ್ಲರಿಗೂ ನಡೆಯುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. 65 ದಾಟಿದವರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟಾದರೂ ಡಾಕ್ಟರಿಗೆ ತೋರಿಸಲೇಬೇಕು. ವಯಸ್ಸಾದಂತೆ ಮಿದುಳು ಕುಗ್ಗಿ, ಅದನ್ನು ಹೊರಪೊರೆಗೆ ಜೋಡಿಸುವ ಸಿರೆಗಳು ಎಳೆದುಕೊಂಡಿರುತ್ತವೆ. ಅವು ನಿಧಾನ ಜಿನುಗಿ, ವಾರಗಳ ಮೇಲೆ ತೊಂದರೆ ಕೊಡಬಹುದು. ಇನ್ನು ಯಾರಿಗೇ ಆಗಲಿ, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು, ಕೈಕಾಲಿನ ಬಲ ಕಡಿಮೆಯಾಗುವುದು, ಮೂಗು ಕಿವಿಯಿಂದ ನೀರಿನಂಥ ದ್ರವ, ಏರುತ್ತಲೇ ಹೋಗುವ ತಲೆನೋವು ಕಂಡರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಕಣ್ಣಿನ ಪಾಪೆಯ ವಿಷಯ ಒಂದು ಉಳಿಯಿತು: ಒಳಗೆ ಸೇರಿದ ರಕ್ತ ಮಿದುಳನ್ನು ಒತ್ತಿದರೆ ಒಂದು ಪಾಪೆ ದೊಡ್ಡದಾಗಬಹುದು. ಕನ್ನಡಿಯಲ್ಲಿ ನೋಡಿದಾಗ ನನ್ನ ಎಡಗಡೆಯದು ಒಂಚೂರು ದೊಡ್ಡದು ಅನ್ನಿಸಿ ಎದೆ ಧಸಕ್ ಎಂದಿತ್ತು. ಎಷ್ಟೋ ಆರೋಗ್ಯವಂತರಲ್ಲಿ ಪಾಪೆಗಳು ಸಹಜವಾಗಿಯೇ ಕೊಂಚ ಹೆಚ್ಚುಕಡಿಮೆ ಇರುತ್ತವೆ ಎಂದು ಆಮೇಲೆ ಓದಿದೆ. ಹಳೆಯ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಅದರಲ್ಲೂ ಎಡಗಡೆಯದೇ ದೊಡ್ಡದಿತ್ತು.